ಅತ್ತೆಯ ಸೂಟ್‌ಕೇಸೂ ನನ್ನ ಪರಿಸರಪ್ರೇಮವೂ

ಭೂಮಿಯನ್ನು ಉಳಿಸುವ ಕೆಲಸ ದೊಡ್ಡ ದೊಡ್ಡ ದೇಶಗಳ ಕೈಲಿ ಆಗದಿದ್ದರೆ ಬೇಡ, ನಾನೊಬ್ಬನೇ ಮಾಡುತ್ತೇನೆ, ಅದೂ ನಮ್ಮ ಬಾಲ್ಕನಿಯಿಂದಲೇ ಶುರು ಮಾಡುತ್ತೇನೆ ಎಂದು ಜೂನ್ ತಿಂಗಳ ಒಂದು ಬೆಳಿಗ್ಗೆ ನಾನು ಘೋಷಿಸಿದೆ! ಈ ಘೋಷಣೆ ಕೇಳಲು ಇಡೀ ಕ್ರಾಯೋವಾ ಪಟ್ಟಣ ನೆರೆದಿತ್ತು ಅಂದುಕೊಳ್ಳಬೇಡಿ. ಅಡುಗೆಮನೆಯಲ್ಲಿ ನನ್ನ ಹೆಂಡತಿ ಸಾಂದಾ ಒಬ್ಬಳೇ ಇದ್ದಳು. ಅವಳೂ ಬದನೆಕಾಯಿ ಸುಡುತ್ತಿದ್ದಳು.

"ಅಮ್ಮನ್ನ ಕೇಳಿದ್ರಾ?" ಅಂದಳು, ತಿರುಗಿ ಕೂಡ ನೋಡದೆ.

"ಭೂಮೀನ ಉಳಿಸೋಕೆ ನಿಮ್ಮಮ್ಮನ ಅಪ್ಪಣೆ ಬೇಕೇನೇ?"

"ಭೂಮಿಗೆ ಬೇಡ ಕಣ್ರೀ, ಬಾಲ್ಕನಿಗೆ ಬೇಕು. ಬಾಲ್ಕನಿ ಅಮ್ಮಂದು."

ಬಾಲ್ಕನಿಯೊಂದೇ ಅಲ್ಲ, ಮನೆಯೇ ಅತ್ತೆಯದು. ಬೇರೆ ಮನೆ ಸಿಗುವ ತನಕ ಇರೋಣ ಎಂದು ಮದುವೆಯಾದ ಹೊಸದರಲ್ಲಿ ಬಂದವನು ನಾನು. ಬೇರೆ ಮನೆ ಸಿಗಲಿಲ್ಲ. ಹುಡುಕಲೂ ಇಲ್ಲ ಅನ್ನುವುದು ಬೇರೆ ಮಾತು. ಅತ್ತೆ ಲಿಯೊಂತೀನಾ ಅವರು ಆ ಬಾಲ್ಕನಿಗೆ ಗಾಜು ಹಾಕಿಸಿ, ತಮ್ಮ ಜೀವಮಾನದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಒಳಗೆ ತುಂಬಿದ್ದರು. ಖಾಲಿ ಉಪ್ಪಿನಕಾಯಿ ಭರಣಿಗಳು, ಕಾಲು ಮುರಿದ ಕುರ್ಚಿ, ಸುತ್ತಿಟ್ಟ ಉಣ್ಣೆಯ ಜಮಖಾನ, ಹಗ್ಗ ಬಿಗಿದ ಒಂದು ಕಂದು ಸೂಟ್‌ಕೇಸ್... ಅಲ್ಲಿ ಒಂದು ಬೆಕ್ಕು ಕಾಲಿಟ್ಟರೆ ಹಿಂದೆ ತಿರುಗಲು ಜಾಗವಿರಲಿಲ್ಲ. ಈಗ ಅತ್ತೆ ಮಂಡಿನೋವಿಗೆಂದು ಬಿಸಿನೀರಿನ ಬುಗ್ಗೆಗಳ ಊರಿಗೆ ಹೋಗಿದ್ದರು. ಹೊರಡುವಾಗ ಬಸ್ಸಿನ ಮೆಟ್ಟಿಲ ಮೇಲೆ ನಿಂತು, "ಲಿವಿಯು, ನನ್ನ ಬಾಲ್ಕನಿ ಮುಟ್ಟಬೇಡಪ್ಪ" ಅಂದಿದ್ದರು. ಇನ್ನೂ ಇಪ್ಪತ್ತು ಮಾತು ಹೇಳುವವರಿದ್ದರು, ಪುಣ್ಯಾತ್ಮ ಡ್ರೈವರ್ ಬಾಗಿಲು ಹಾಕಿಬಿಟ್ಟ.

"ಅವರು ಬರೋದ್ರೊಳಗೆ ಬಾಲ್ಕನಿ ಥಳಥಳ ಅನ್ನಬೇಕು! ನೋಡಿ ಅವರಿಗೇ ಆಶ್ಚರ್ಯ ಆಗ್ಬೇಕು!" ಅಂದೆ.

"ಆಶ್ಚರ್ಯ ಆಗತ್ತೆ, ನಿಮಗೆ," ಎಂದಳು ಸಾಂದಾ. ಆಮೇಲೆ ತಿರುಗಿ ನನ್ನನ್ನು ಕೆಳಗಿಂದ ಮೇಲೆ ನೋಡಿ, "ನಿಜ ಹೇಳಿ. ಅಲ್ಲಿ ಕುರ್ಚಿ ಹಾಕ್ಕೊಂಡು ಬಿಯರ್ ಕುಡೀಬೇಕು ಅಂತ ತಾನೇ?"

ಛೆ! ಎಂಥ ಮಾತು! ಭೂಗೋಳದ ಮೇಷ್ಟ್ರು ನಾನು. ಭೂಗೋಳವನ್ನು ಉಳಿಸಬೇಕಾದವನು ನಾನಲ್ಲದೆ ಇನ್ಯಾರು, ಗಣಿತದವನೇ? ಬಿಯರ್ ವಿಷಯ ನಿಜವೇ, ಆದರೆ ಅದು ಭೂಮಿ ಉಳಿದ ಮೇಲಿನ ಮಾತು.

ನನ್ನ ಪದ್ಧತಿ ಸರಳ. ಒಂದೇ ಒಂದು ವಸ್ತುವೂ ಕಸದ ಡಬ್ಬಿಗೆ ಹೋಗಕೂಡದು. ಯಾವುದನ್ನೂ ಸುಡಕೂಡದು. ಪ್ಲಾಸ್ಟಿಕ್ ಚೀಲವನ್ನು ಕೈಯಲ್ಲಿ ಹಿಡಿಯಕೂಡದು. ಪ್ರತಿಯೊಂದಕ್ಕೂ ಹೊಸ ಮನೆ ಹುಡುಕಬೇಕು, ಹೆಣ್ಣುಮಕ್ಕಳಿಗೆ ಗಂಡು ಹುಡುಕಿದ ಹಾಗೆ!

ಮೊದಲು ಭರಣಿಗಳು. ಕೆಳಮಹಡಿಯ ವೇತಕ್ಕ ಅತ್ತೆಯ ಜೀವದ ಗೆಳತಿ, ಅತ್ತೆ ಹೊರಟ ದಿನ ಮಾತ್ರ ಊರಲ್ಲಿರಲಿಲ್ಲ. ಅವರ ಬಾಗಿಲು ತಟ್ಟಿ, "ತಗೊಳ್ಳಿ ವೇತಕ್ಕ, ನಿಮಗೇ" ಎಂದು ಒಂದು ರಾಶಿ ಭರಣಿ ಮುಂದಿಟ್ಟೆ. ವೇತಕ್ಕ ಭರಣಿಗಳನ್ನು ನೋಡಲಿಲ್ಲ, ನನ್ನ ಮುಖ ನೋಡಿದರು.

"ಇದರಲ್ಲೇನಿತ್ತು?"

"ಉಪ್ಪಿನಕಾಯಿ."

"ಮತ್ತೆ ಯಾಕೆ ಕೊಡ್ತಿದ್ದೀಯ?"

"ಖಾಲಿ ಇದೆಯಲ್ಲ!"

"ಲಿಯೊಂತೀನಾ ಖಾಲಿ ಭರಣಿ ಕೊಟ್ಟಿದ್ದನ್ನ ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಎಲ್ಲಿ ಅವಳು?"

"ಹೋಗಿದಾರೆ ವೇತಕ್ಕ... ನೀವು ದಯವಿಟ್ಟು ಯಾರಿಗೂ ಫೋನ್ ಗೀನ್ ಮಾಡಿ ಹೇಳ್ಬೇಡಿ. ಇದು ನಮ್ಮೊಳಗೇ ಇರಲಿ."

ಬಿಸಿನೀರಿನ ಊರಿಗೆ ಎಂದು ನಾನೊಂದು ಮಾತು ಸೇರಿಸಬಹುದಿತ್ತು. ಆದರೆ ಹೇಳಿದರೆ ವೇತಕ್ಕ ಅಲ್ಲಿಗೇ ಫೋನ್ ಹಚ್ಚುತ್ತಾರೆಂಬ ಅನುಮಾನ ನನಗೆ. ಭರಣಿ ಒಳಗಿಟ್ಟುಕೊಂಡು ಅವರು ಬಾಗಿಲ ಸಂದಿಯಿಂದ ನನ್ನನ್ನೇ ನೋಡುತ್ತಿದ್ದರು. ಸಂಜೆ ಎಲ್ಲ ಭರಣಿಗಳೂ ನಮ್ಮ ಬಾಗಿಲಿಗೆ ವಾಪಸ್ಸು ಬಂದವು, ಚೆರ್ರಿ ಜಾಮ್ ತುಂಬಿಕೊಂಡು! ನಮ್ಮಲ್ಲಿ ಇನ್ನೊಬ್ಬರ ಮನೆಯ ಪಾತ್ರೆಯನ್ನು ಖಾಲಿ ಇಟ್ಟುಕೊಳ್ಳುವುದೂ ಇಲ್ಲ, ಖಾಲಿ ಕೊಡುವುದೂ ಇಲ್ಲ. ಹೀಗೆ ನಾನು ಖಾಲಿ ಮಾಡಿದ ಮೂಲೆಗೆ ಮೊದಲಿಗಿಂತ ಭಾರವಾದ ಭರಣಿಗಳು ಬಂದು ಕೂತವು. ಸಾಂದಾ ಕೇಳಿದಳು: "ಏನ್ರೀ, ಭೂಮಿ ಎಷ್ಟು ಉಳೀತು?"

ಮರುದಿನ ಜಮಖಾನ. ಅಪ್ಪಟ ಉಣ್ಣೆ, ಮಣ್ಣಿನಲ್ಲಿ ಹೂತರೆ ಕರಗಿ ಗೊಬ್ಬರವಾಗುತ್ತದೆ ಎಂದು ಎಲ್ಲೋ ಓದಿದ್ದೆ. ಊರಾಚೆ ನನ್ನ ಸಹೋದ್ಯೋಗಿಯ ತೋಟವಿದೆ. ಜಮಖಾನವನ್ನು ಉದ್ದಕ್ಕೆ ಸುತ್ತಿ, ಎರಡು ಕಡೆ ಹಗ್ಗ ಕಟ್ಟಿ, ಹೆಗಲ ಮೇಲೆ ಹೊತ್ತು ಏದುಸಿರು ಬಿಡುತ್ತ ಮೆಟ್ಟಿಲಿಳಿಯುತ್ತಿದ್ದೆ. ಎದುರಿಗೆ ಪೊಂಪಿಲಿಯು ಸಾಹೇಬರು!

ಪೊಂಪಿಲಿಯು ರೈಲ್ವೆಯಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು. ಈಗ ನಮ್ಮ ಕಟ್ಟಡದ ಮೇಲ್ವಿಚಾರಣೆ ಅವರದೇ. ನಿವೃತ್ತಿಯಾದದ್ದು ಕೆಲಸ ಮಾತ್ರ, ಅನುಮಾನಕ್ಕೆ ನಿವೃತ್ತಿಯಿಲ್ಲ. ಮೆಟ್ಟಿಲ ಮೇಲೆ ನಿಮ್ಮನ್ನು ನೋಡಿದರೂ ಸಾಕು, ನೀವು ಟಿಕೆಟ್ಟಿಲ್ಲದೆ ಹತ್ತಿದವರೆಂದೇ ಅವರ ನಂಬಿಕೆ.

"ಭಾರ ಇದೆ ಅನ್ನಿಸತ್ತೆ?" ಅಂದರು, ಜಮಖಾನದ ಎರಡು ತುದಿಯನ್ನೂ ಬಗ್ಗಿ ನೋಡುತ್ತ.

"ಹೌದು ಸಾರ್, ಹಳೇದಲ್ವಾ."

"ಎಲ್ಲಿಗೆ?"

"ಸ್ನೇಹಿತನ ತೋಟಕ್ಕೆ. ಹೂಳೋಕೆ."

ಪೊಂಪಿಲಿಯು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಹೂಳೋಕೆ?"

"ಹೂಂ. ಯಾರಿಗೂ ತೊಂದರೆ ಇಲ್ಲ, ಹೊಗೆ ಇಲ್ಲ, ವಾಸನೆ ಇಲ್ಲ. ತಾನಾಗೇ ಮಣ್ಣಲ್ಲಿ ಮಣ್ಣಾಗತ್ತೆ. ಎಲ್ಲರೂ ಹೀಗೇ ಮಾಡಬೇಕು ಸಾರ್!"

ಅವರು ಗೋಡೆಗೆ ಒತ್ತಿಕೊಂಡು ನನಗೆ ದಾರಿ ಬಿಟ್ಟರು. ಎಂದೂ ದಾರಿ ಬಿಡದ ಮನುಷ್ಯ! ನನಗೆ ಆಗಲೇ ಅನುಮಾನ ಬಂತು, ಆದರೆ ತಪ್ಪು ಅನುಮಾನ. ಇವರಿಗೂ ಪರಿಸರಪ್ರಜ್ಞೆ ಬಂತೇನೋ ಅಂದುಕೊಂಡೆ. ನಾನು ತೋಟದಿಂದ ಅಂಗಿ ತುಂಬ ಮಣ್ಣು ಮಾಡಿಕೊಂಡು ಬರುವಾಗ ಅವರು ನಮ್ಮ ಬಾಗಿಲ ಮುಂದೆಯೇ ಇದ್ದರು. ಕೈಯಲ್ಲಿ ಫೋನು. ಮನೆಯೊಳಗಿಂದ ಅತ್ತೆಯ ಫೋನು ಗಣಗಣ ಬಾರಿಸುತ್ತಿತ್ತು. ಅತ್ತೆ ಅದನ್ನು ಎಂದೂ ಹೊರಗೆ ಒಯ್ಯುವವರಲ್ಲ, ಕಳ್ಳರು ಕಿತ್ತುಕೊಂಡು ಹೋಗುತ್ತಾರೆಂದು ಸಕ್ಕರೆ ಡಬ್ಬಿಯ ಹಿಂದೆ ಇಟ್ಟಿರುತ್ತಾರೆ.

"ಫೋನ್ ಇಲ್ಲೇ ಇದೆ. ಲಿಯೊಂತೀನಾ ಮೇಡಂ ಇಲ್ಲ," ಅಂದರು ಪೊಂಪಿಲಿಯು, ತಮಗೆ ತಾವೇ ಹೇಳಿಕೊಳ್ಳುವಂತೆ. ಆಮೇಲೆ ನನ್ನ ಮೊಣಕಾಲಿನ ಮಣ್ಣು ನೋಡಿ ದನಿ ತಗ್ಗಿಸಿದರು. "ಹೋಗೋ ಮುಂಚೆ ಅವರು ಏನಾದ್ರೂ ಹೇಳಿದ್ರಾ?"

"ನನ್ನ ಬಾಲ್ಕನಿ ಮುಟ್ಟಬೇಡ ಅಂದ್ರು."

ಪೊಂಪಿಲಿಯು ಟೋಪಿ ತೆಗೆದು ಎದೆಗಿಟ್ಟುಕೊಂಡು ಇಳಿದುಹೋದರು.

ಮೂರನೆಯ ದಿನ ಸೂಟ್‌ಕೇಸ್. ಹಗ್ಗ ಬಿಚ್ಚಿದರೆ, ನನ್ನ ಕಣ್ಣೇ ನಂಬಲಾಗಲಿಲ್ಲ! ಹಳೆಯ ಪೇಪರಿನಲ್ಲಿ ಒಂದೊಂದಾಗಿ ಸುತ್ತಿದ ಹುಂಜದ ಚಿತ್ರದ ಮಣ್ಣಿನ ಬಟ್ಟಲುಗಳು, ಕುಂಬಾರರ ಸಂತೆಯಿಂದ ತಂದವು. ಒಂದರಲ್ಲೂ ಒಂದು ಗುಟುಕು ಕಾಫಿ ಕುಡಿದ ಗುರುತಿಲ್ಲ. ಮಡಿಕೆ ಬಿಚ್ಚದ ಹತ್ತಿಯ ಟವೆಲ್ಲುಗಳು. ಜೊತೆಗೆ ಒಂದು ಕಟ್ಟು ಮೇಣದಬತ್ತಿ. ವರ್ಷಗಟ್ಟಲೆ ಉಪಯೋಗಿಸದ ವಸ್ತುವೇ ಮನೆಯ ಶತ್ರು ಎಂದು ನಾನು ಓದಿದ್ದೆ. ಇದೋ, ಶತ್ರುವಿನ ಇಡೀ ಸೈನ್ಯವೇ ಸೂಟ್‌ಕೇಸಿನಲ್ಲಿ ಮಲಗಿತ್ತು!

ಬಟ್ಟಲುಗಳನ್ನು ಕಟ್ಟಡದ ಎಲ್ಲ ಮನೆಗೂ ಹಂಚುವುದೆಂದು ತೀರ್ಮಾನಿಸಿದೆ. ಖಾಲಿ ಬಟ್ಟಲು ಕೊಡಬಾರದಲ್ಲ, ಚೆರ್ರಿ ಹಣ್ಣು ತುಂಬಿದೆ. ಪ್ಲಾಸ್ಟಿಕ್ ಚೀಲ ನಿಷಿದ್ಧ, ಹಾಗಾಗಿ ಟವೆಲ್ಲಿನಲ್ಲಿ ಸುತ್ತಿದೆ. ಮೇಣದಬತ್ತಿಯನ್ನು ಎಸೆಯುವುದು ಪಾಪ, ಒಂದೊಂದರ ಜೊತೆ ಒಂದೊಂದು ಸಿಕ್ಕಿಸಿದೆ. ಟವೆಲ್ಲು ಸುತ್ತಿದ, ಹಣ್ಣು ತುಂಬಿದ, ಮೇಣದಬತ್ತಿ ಸಿಕ್ಕಿಸಿದ ಬಟ್ಟಲನ್ನು ಮನೆಮನೆಗೆ ಹೋಗಿ ಕೊಡುವುದೆಂದರೆ ಕೊಟ್ಟವರ ಮನೆಯಲ್ಲಿ ಸಾವಾಗಿದೆ ಎಂದು ಕ್ರಾಯೋವಾದ ಎಂಥ ದಡ್ಡನಿಗಾದರೂ ಗೊತ್ತು. ಆದರೆ ನಾನು ಆಗ ದಡ್ಡನಾಗಿರಲಿಲ್ಲ, ಪರಿಸರವಾದಿಯಾಗಿದ್ದೆ!

ಮೊದಲ ಬಟ್ಟಲು ವೇತಕ್ಕನಿಗೆ. ಅವರು ಟವೆಲ್ಲು ಸರಿಸಿ ಹುಂಜವನ್ನು ನೋಡಿದ್ದೇ ತಡ, ಬಾಗಿಲ ಚೌಕಟ್ಟು ಹಿಡಿದುಕೊಂಡರು. ಕಣ್ಣಲ್ಲಿ ದಳದಳ ನೀರು.

"ದೇವರು ಒಪ್ಪಿಸಿಕೊಳ್ಳಲಿ," ಅಂದರು ಬಿಕ್ಕುತ್ತ.

"ಒಪ್ಪಿಸಿಕೊಳ್ಳದೆ ಏನು ವೇತಕ್ಕ! ಒಳ್ಳೇ ಕೆಲಸ ಅಲ್ವಾ!" ಅಂದೆ. ಒಂದು ಬಟ್ಟಲಿಗೆ ಇಷ್ಟು ಅಳುವುದೇ? ಹೆಂಗಸಿಗೆ ಏನೋ ಆಗಿದೆ ಅನ್ನಿಸಿತು. ಪೊಂಪಿಲಿಯು ಬಟ್ಟಲನ್ನು ಎರಡು ಬೆರಳಲ್ಲಿ ಹಿಡಿದು, ಚೆರ್ರಿ ಹಣ್ಣನ್ನು ಮೂಸಿ, "ಸಾಂದಾಗೆ ಗೊತ್ತಾ?" ಎಂದು ಪಿಸುಗುಟ್ಟಿದರು. "ಇನ್ನೂ ಇಲ್ಲ. ಡ್ಯೂಟಿಯಿಂದ ಬಂದಮೇಲೆ ಮೆಲ್ಲಗೆ ಹೇಳ್ತೀನಿ," ಅಂದೆ. ಅವರು ಹಣ್ಣನ್ನು ಬಟ್ಟಲಿಗೇ ಹಾಕಿ ಬಾಗಿಲು ಮುಚ್ಚಿಕೊಂಡರು. ಉಳಿದ ಮನೆಗಳಲ್ಲೂ ಅಷ್ಟೇ, ನಾನು ಬೆನ್ನು ತಿರುಗಿಸಿದೊಡನೆ ಗುಸುಗುಸು. ಎಲ್ಲರೂ ಸೇರಿ ಅತ್ತೆಗೆ ಚಾಡಿ ಹೇಳುವ ಸಂಚು ನಡೆಸಿದ್ದಾರೆಂದು ನನಗೆ ಗಟ್ಟಿಯಾಯಿತು. ಆದರೂ, ಜಾಮ್ ಭರಣಿಗಳನ್ನು ಬಿಟ್ಟರೆ, ಬಾಲ್ಕನಿ ಖಾಲಿಯಾಗಿತ್ತು! ಖಾಲಿ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿ, ಮುರಿದ ಕುರ್ಚಿಗೆ ಕಾಲು ಕಟ್ಟಿ ಕೂತೆ. ಬಿಯರ್ ತೆರೆದೆ. ಭೂಮಿ ತಣ್ಣಗಾಗುತ್ತಿರುವುದು ನನ್ನ ಅಂಗಾಲಿಗೇ ತಿಳಿಯುತ್ತಿತ್ತು.

ಸಾಂದಾಗೆ ಮೆಲ್ಲಗೆ ಹೇಳುವ ಕೆಲಸವನ್ನು ಮಾರನೆಯ ದಿನಕ್ಕೆ ಮುಂದೂಡಿದೆ. ಮಾರನೆಯ ದಿನ ಭಾನುವಾರ. ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬಾಗಿಲ ಗಂಟೆ ಬಾರಿಸಿತು.

ಮುಂದೆ ಪಾದ್ರಿ ವಿಸಾರಿಯೋನ್, ಕೈಯಲ್ಲಿ ಧೂಪದ ಬಟ್ಟಲು. ಅವರ ಹಿಂದೆ ಕಪ್ಪು ಬಟ್ಟೆ ತೊಟ್ಟ ವೇತಕ್ಕ, ಕೈಯಲ್ಲಿ ಸತ್ತವರ ಹೆಸರಿನಲ್ಲಿ ಮಾಡುವ ಗೋಧಿಯ ಸಿಹಿ. ಅವರ ಹಿಂದೆ ಪೊಂಪಿಲಿಯು. ಅವರ ಹಿಂದೆ ಮೆಟ್ಟಿಲುದ್ದಕ್ಕೂ ಇಡೀ ಕಟ್ಟಡ, ಒಬ್ಬೊಬ್ಬರ ಕೈಯಲ್ಲೂ ನಾನು ಕೊಟ್ಟ ಮೇಣದಬತ್ತಿ!

"ಧೈರ್ಯ ತಂದ್ಕೋ ಮಗಳೇ," ಎಂದು ವೇತಕ್ಕ ಸಾಂದಾಳನ್ನು ತಬ್ಬಿಕೊಂಡರು.

"ಯಾಕೆ? ಏನಾಯ್ತು?" ಎಂದಳು ಸಾಂದಾ, ಅವರ ಹೆಗಲ ಮೇಲಿಂದ ನನ್ನನ್ನು ನೋಡುತ್ತ. ಏನಾದರೂ ಆಗಿದ್ದರೆ ಅದು ನನ್ನಿಂದಲೇ ಎಂದು ಅವಳಿಗೆ ಗೊತ್ತು.

"ನೋಡಿದ್ರಾ ಫಾದರ್? ಮಗಳಿಗೇ ಹೇಳಿಲ್ಲ!" ಪೊಂಪಿಲಿಯು ಮುಂದೆ ನುಗ್ಗಿದರು. "ಪಿಂಚಣಿ ನಿಂತುಹೋಗತ್ತೆ ಅಂತ ಮುಚ್ಚಿಟ್ಟಿದಾನೆ. ಜಮಖಾನದಲ್ಲಿ ಸುತ್ತಿ ಒಯ್ದಿದ್ದನ್ನ ನಾನೇ ಕಣ್ಣಾರೆ ಕಂಡೆ. ಹೂಳೋಕೆ ಅಂತ ಬಾಯಿಬಿಟ್ಟು ಹೇಳ್ದ! ಎಲ್ಲರೂ ಹೀಗೇ ಮಾಡ್ಬೇಕು ಅಂತ ನನಗೇ ಉಪದೇಶ ಬೇರೆ!"

"ಯಾರನ್ನ?" ಅಂದೆ ನಾನು.

"ಲಿಯೊಂತೀನಾನ!" ಎಂದು ಮೆಟ್ಟಿಲುದ್ದಕ್ಕೂ ಒಟ್ಟಿಗೆ ಉತ್ತರ ಬಂತು.

"ಅಮ್ಮನಾ?" ಸಾಂದಾ ವೇತಕ್ಕನ ತೋಳು ಬಿಡಿಸಿಕೊಂಡಳು. "ಅಮ್ಮ ಬಿಸಿನೀರಿನ ಊರಲ್ಲಿದಾಳೆ! ನೆನ್ನೆ ಸಂಜೆ ಅಲ್ಲಿನ ಆಫೀಸಿನ ಫೋನಿಂದ ಮಾತಾಡಿದ್ಲು. ಇವತ್ತು ಬರ್ತಾಳೆ. ಯಾರು ಹೇಳಿದ್ದು ನಿಮಗೆ ಈ ಅಪಶಕುನಾನ?"

ವೇತಕ್ಕ ಕಣ್ಣೊರೆಸಿಕೊಂಡರು. "ಹಾಗಾದ್ರೆ ಬಟ್ಟಲು? ಆ ಹುಂಜದ ಬಟ್ಟಲು ನಾನೇ ಜೊತೇಲಿ ಹೋಗಿ ಆರಿಸಿದ್ದು ಕಣೇ. ತನ್ನ ಜೀವ ಹೋದ ದಿನ ತನ್ನ ಆತ್ಮಕ್ಕೆ ಅಂತ ಇವನ್ನ ಹಂಚಬೇಕು, ಅಲ್ಲೀವರೆಗೂ ಯಾರೂ ಮುಟ್ಟಕೂಡದು ಅಂತ ಆ ಸೂಟ್‌ಕೇಸಿಗೆ ಹಗ್ಗ ಬಿಗಿದಿದ್ಲು. ಅದು ಬಿಚ್ಚಿದೆ ಅಂದ್ರೆ ಅವಳು ಹೋದ್ಲು ಅಂತಲೇ ಅಲ್ವಾ?"

ನಮ್ಮ ಕಡೆಯ ಮುದುಕಿಯರು ತಮ್ಮ ಸಾವಿನ ಸಿದ್ಧತೆಯನ್ನು ತಾವೇ ಮಾಡಿಟ್ಟುಕೊಳ್ಳುತ್ತಾರೆಂದು ನನಗೆ ಗೊತ್ತಿಲ್ಲವೇ? ನನ್ನ ಅಜ್ಜಿಯೂ ಇಟ್ಟುಕೊಂಡಿದ್ದಳು. ಅತ್ತೆ ಪಿಂಚಣಿಯಲ್ಲಿ ಉಳಿಸಿ, ಒಂದೊಂದೇ ಬಟ್ಟಲು ಆರಿಸಿ, ಆ ಲೋಕದಲ್ಲಿ ತಮಗೊಂದು ಗುಟುಕು ನೀರು ಸಿಗಲೆಂದು ಕೂಡಿಟ್ಟದ್ದನ್ನು ನಾನು ಬಿಯರಿಗೆ ಜಾಗ ಮಾಡಲು ಹಂಚಿಬಿಟ್ಟಿದ್ದೆ!

"ರೀ! ಆ ಸೂಟ್‌ಕೇಸ್ ಮುಟ್ಟಿದ್ರಾ?" ಸಾಂದಾ ಕುರ್ಚಿಯ ಮೇಲೆ ಕುಸಿದು ಗೊಳೋ ಎಂದು ಅತ್ತಳು.

"ದಯವಿಟ್ಟು ವಾಪಸ್ ಕೊಟ್ಬಿಡಿ ಎಲ್ಲರೂ! ಅವರು ಬರೋದ್ರೊಳಗೆ ಕಟ್ಟಿಟ್ಟುಬಿಡ್ತೀನಿ!" ಎಂದು ನಾನು ಕೈಮುಗಿದೆ.

ಪಾದ್ರಿ ವಿಸಾರಿಯೋನ್ ಗಡ್ಡ ನೀವಿದರು. "ಸಾಧ್ಯವಿಲ್ಲಪ್ಪ. ಆತ್ಮಕ್ಕೆ ಅಂತ ಕೊಟ್ಟಿದ್ದನ್ನ ಹಿಂದಕ್ಕೆ ತಗೊಳ್ಳೋ ಹಾಗಿಲ್ಲ. ಕೊಟ್ಟಿದ್ದು ಕೊಟ್ಟ ಹಾಗೇ."

"ಆದರೆ ಅವರು ಬದುಕಿದಾರೆ!"

"ಅನ್ನೋದು ನಿಮ್ಮ ಹೇಳಿಕೆ," ಎಂದರು ಪೊಂಪಿಲಿಯು.

ಅಷ್ಟರಲ್ಲಿ ಕೆಳಗಿಂದ ಆ ಕಂಠ ಕೇಳಿಸಿತು. ಮೂರು ಮಹಡಿಯನ್ನೂ ಒಟ್ಟಿಗೆ ತುಂಬುವ ಕಂಠ: "ಯಾರು ಹೋದ್ರು? ಹೊರಬಾಗಿಲಿಗೆ ಕಪ್ಪು ಬಟ್ಟೆ ಯಾರು ಕಟ್ಟಿದ್ದು?"

ಪೊಂಪಿಲಿಯು ಪಾದ್ರಿಯ ಬೆನ್ನ ಹಿಂದೆ ಸರಿದರು. ನನ್ನ ಕಾಲುಗಳು ನನ್ನನ್ನು ಕೇಳದೆಯೇ ಬಾಲ್ಕನಿಗೆ ಓಡಿದವು. ಹಳೆಯ ಬಾಲ್ಕನಿಯಾಗಿದ್ದರೆ ಅಲ್ಲಿ ಒಂದು ದಂಡೇ ಅಡಗಬಹುದಿತ್ತು. ಈಗ ಅಡಗಲು ಏನಿದೆ? ಬೋಳು ನೆಲ! ನಾನೇ ಖಾಲಿ ಮಾಡಿದ ಪುಣ್ಯಾತ್ಮ! ವೇತಕ್ಕನ ಜಾಮ್ ಭರಣಿಗಳ ಹಿಂದೆ ಮುದುಡಿ ಕೂತೆ.

ಮಂಡಿ ಹಿಡಿದುಕೊಂಡು ಅತ್ತೆ ಒಳಗೆ ಬಂದರು. ಮನೆ ತುಂಬ ಜನ, ಧೂಪ, ಮೇಣದಬತ್ತಿ. ವೇತಕ್ಕ ಶಿಲುಬೆಯ ಗುರುತು ಹಾಕಿಕೊಳ್ಳುತ್ತಲೇ ಇದ್ದರು. ಸಾಂದಾ ಅಳುತ್ತಲೇ ಇದ್ದಳು. ಅತ್ತೆ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದರು. ಮಗಳು ಇದ್ದಾಳೆ. ಗೆಳತಿ ಇದ್ದಾಳೆ. ಇಲ್ಲದವನು ಒಬ್ಬನೇ.

"ಅಯ್ಯೋ, ನನ್ನ ಲಿವಿಯು!" ಅತ್ತೆಯ ಕೈಚೀಲ ನೆಲಕ್ಕೆ ಬಿತ್ತು. "ನಾನು ಹೋಗಿ ಬರೋದ್ರೊಳಗೆ ಹೀಗಾಯ್ತಾ! ಅಯ್ಯೋ ಮಗನೇ! ಪೆದ್ದ, ನಿಜ, ದೊಡ್ಡ ಪೆದ್ದ. ಆದರೆ ಒಂದು ದಿನ ನನಗೆ ಎದುರು ಮಾತಾಡ್ಲಿಲ್ಲ. ಸೂಪಿಗೆ ಉಪ್ಪು ಜಾಸ್ತಿ ಹಾಕಿದ್ರೂ ತೆಪ್ಪಗೆ ಕುಡೀತಿದ್ದ..."

ಇಷ್ಟು ವರ್ಷ ಆ ಉಪ್ಪು ಬೇಕೆಂದೇ ಹಾಕುತ್ತಿದ್ದರೆಂದು ನನಗೆ ಅನುಮಾನವಿತ್ತು!

"ಏಳು ಸಾಂದಾ," ಅತ್ತೆ ಮೂಗೊರೆಸಿಕೊಂಡರು. "ಅವನಿಗೆ ಅಂತ ನಾವೇನೂ ಮಾಡಿಟ್ಟಿಲ್ಲ, ಈ ವಯಸ್ಸಲ್ಲಿ ಹೋಗ್ತಾನೆ ಅಂತ ಯಾರಿಗೆ ಗೊತ್ತಿತ್ತು? ಬಾಲ್ಕನೀಲಿ ನನ್ನ ಸೂಟ್‌ಕೇಸ್ ಇದೆ, ತಗೊಂಡು ಬಾ. ನನ್ನ ಬಟ್ಟಲನ್ನೆಲ್ಲ ಅವನ ಹೆಸರಲ್ಲೇ ಹಂಚೋಣ. ನನಗೆ ಏನು, ಇದ್ರೆ ಇನ್ನೊಮ್ಮೆ ಕೂಡಿಡ್ತೀನಿ. ನನ್ನ ಮಗ ಅಲ್ಲಿ ಬಾಯಾರಿ ಕೂರಬಾರದು."

ಇನ್ನು ಅಲ್ಲಿ ಕೂರಲು ನನ್ನಿಂದಾಗಲಿಲ್ಲ. ಅಳುತ್ತ ಎದ್ದೆ. ಎದ್ದ ರಭಸಕ್ಕೆ ಒಂದು ಭರಣಿ ಉರುಳಿ ಒಡೆದು ಚೆರ್ರಿ ಜಾಮ್ ನನ್ನ ಬಿಳಿ ಅಂಗಿಗೆ ಪೂರ್ತಿ ಚಿಮ್ಮಿತು. ಎದೆಯೆಲ್ಲ ಕೆಂಪಾಗಿ, ಕೈ ಚಾಚಿ, "ಅತ್ತೇ..." ಎನ್ನುತ್ತ ನಾನು ಒಳಗೆ ಬಂದೆ. ವೇತಕ್ಕ ಕಿಟಾರನೆ ಕಿರುಚಿದರು. ಪಾದ್ರಿಗಳು ಧೂಪವನ್ನು ನನ್ನತ್ತ ಬೀಸಿದರು. ಪೊಂಪಿಲಿಯು ಎಲ್ಲಿ ಹೋದರೆಂದು ಯಾರಿಗೂ ಗೊತ್ತಾಗಲಿಲ್ಲ.

ಅತ್ತೆ ಮಾತ್ರ ಅಲುಗಲಿಲ್ಲ. ಹತ್ತಿರ ಬಂದು, ನನ್ನ ಅಂಗಿಯ ಮೇಲಿನ ಕೆಂಪನ್ನು ಬೆರಳಲ್ಲಿ ತೆಗೆದು ನಾಲಗೆಗೆ ಮುಟ್ಟಿಸಿದರು.

"ವೇತಾ, ಸಕ್ಕರೆ ಕಮ್ಮಿ ಹಾಕಿದ್ದೀಯ," ಅಂದರು. ಆಮೇಲೆ ನನ್ನ ಭುಜದ ಮೇಲಿಂದ ಬೋಳು ಬಾಲ್ಕನಿಯನ್ನು ನೋಡಿದರು. "ಎಲ್ಲಿ ನನ್ನ ಸೂಟ್‌ಕೇಸ್, ಅಳಿಯಂದ್ರೇ?"

ಅಳಿಯಂದಿರು ಎಲ್ಲವನ್ನೂ ಒಪ್ಪಿಕೊಂಡರು. ಭೂಮಿ, ಭರಣಿ, ಜಮಖಾನ, ಬಟ್ಟಲು, ಕೊನೆಗೆ ಕೇಳದಿದ್ದರೂ ಬಿಯರ್ ಕೂಡ. ಇನ್ನು ಗಂಟುಮೂಟೆ ಕಟ್ಟುವುದೇ ಸರಿ ಎಂದು ನಾನು ತಲೆ ತಗ್ಗಿಸಿ ನಿಂತೆ. ಅತ್ತೆ ಕೇಳಿದ್ದು ಒಂದೇ ಪ್ರಶ್ನೆ.

"ಹಣ್ಣು ತೊಳೆದು ಹಾಕಿದ್ಯಾ?"

"ತೊಳೆದೇ ಹಾಕಿದ್ದೆ ಅತ್ತೆ."

"ಹಾಗಾದ್ರೆ ಸರಿ. ನನ್ನ ದಾನ ನಾನು ಬದುಕಿದ್ದಾಗಲೇ ಆಗಿಹೋಯ್ತು. ಇನ್ನು ಹೊಸದಾಗಿ ಕೂಡಿಡೋ ತನಕ ನನಗೆ ಸಾಯೋಕೆ ಪುರುಸೊತ್ತಿಲ್ಲ." ಎಂದು ಹೇಳಿ, ಬಂದವರಿಗೆಲ್ಲ ತಮ್ಮದೇ ಸಾವಿನ ಗೋಧಿ ಸಿಹಿಯನ್ನು ತಮ್ಮ ಕೈಯಾರೆ ಬಡಿಸಿದರು. ತಾವೂ ಒಂದು ತಟ್ಟೆ ತಿಂದರು. ಸಕ್ಕರೆ ಅದರಲ್ಲೂ ಕಮ್ಮಿಯಂತೆ.

ಈಗ? ಜಮಖಾನವನ್ನು ನಾನೇ ಅಗೆದು ತಂದು, ಅಂಗಳದ ಕಬ್ಬಿಣದ ಅಡ್ಡಪಟ್ಟಿಯ ಮೇಲೆ ಹಾಕಿ, ಪೊಂಪಿಲಿಯು ಅವರ ಸಮಕ್ಷಮದಲ್ಲಿ ಬಡಿದು ಬಡಿದು ಧೂಳು ತೆಗೆದೆ. ಒಳಗೆ ಯಾರೂ ಇಲ್ಲವೆಂದು ಅವರು ಎರಡು ಸಲ ಬಿಚ್ಚಿಸಿ ನೋಡಿದರು. ಪ್ರತಿ ತಿಂಗಳೂ ಅತ್ತೆಯ ಜೊತೆ ಕುಂಬಾರರ ಸಂತೆಗೆ ಹೋಗಿ ಬುಟ್ಟಿ ಹೊರುವವನೂ ನಾನೇ. ಬಾಲ್ಕನಿ ಮತ್ತೆ ತುಂಬಿದೆ. ಕುರ್ಚಿಗೆ ಜಾಗವಿಲ್ಲ.

ಮೊನ್ನೆ ಅಲ್ಲಿ ಭರಣಿ ಸರಿಸುತ್ತಿದ್ದಾಗ ಹಗ್ಗ ಬಿಗಿದ ಸೂಟ್‌ಕೇಸ್ ಕಂಡಿತು. ಪಕ್ಕದಲ್ಲಿ ಅಂಥದೇ ಇನ್ನೊಂದು.

"ಇದೇನತ್ತೆ, ಎರಡು?"

"ಒಂದು ನನ್ನದು, ಒಂದು ನಿನ್ನದು," ಅಂದರು ಅತ್ತೆ, ಸೂಪಿಗೆ ಉಪ್ಪು ಹಾಕುತ್ತ. "ನಿನ್ನಂಥವನಿಗೆ ಯಾವಾಗ ಬೇಕಾಗತ್ತೋ ಹೇಳಕ್ಕಾಗಲ್ಲ. ಅನುಮಾನ ಪಡಬೇಡಪ್ಪ, ಒಳಗೆ ಒಂದೇ ಒಂದು ಪ್ಲಾಸ್ಟಿಕ್ ಚೀಲ ಇಲ್ಲ."